ಹುಬ್ಬಳ್ಳಿಗೆ ನಾನು ವೀಲ್‌ಚೇರಿನಲ್ಲಿ ಪ್ರವೇಶಿಸಿದ್ದು

ವಿಮಾನಗಳ ವಿಷಯದಲ್ಲಿ ಜಕ್ಕೂರಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ಐವತ್ತನಾಲ್ಕು ವರ್ಷ ನಂಬಿಕೊಂಡು ಬದುಕಿದವನು ನಾನು. ಆ ನಂಬಿಕೆಗೆ ಆಧಾರವೂ ಇತ್ತು. ನಮ್ಮ ಮನೆಯ ತಾರಸಿಯ ಮೇಲೆ ನಿಂತರೆ ಫ್ಲೈಯಿಂಗ್ ಕ್ಲಬ್ಬಿನ ರನ್‌ವೇ ಕಾಣುತ್ತದೆ. ಹುಡುಗನಾಗಿದ್ದಾಗ ಅದರ ಬೇಲಿಗೆ ಮುಖ ಒತ್ತಿಕೊಂಡು ನಿಂತು ಕೆನ್ನೆಯ ಮೇಲೆ ತಂತಿಯ ಗುರುತು ಮಾಡಿಕೊಂಡು ಮನೆಗೆ ಬರುತ್ತಿದ್ದೆ. ಈಗ ಅದೇ ಹಳೇ ಊರಿನಲ್ಲಿ ಸಿಮೆಂಟು, ಕಂಬಿ, ಪೈಪು ಮಾರುವ ಅಂಗಡಿ ಇಟ್ಟುಕೊಂಡಿದ್ದೇನೆ. ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಕತ್ತೆತ್ತದೆಯೇ ಗಿರಾಕಿಗಳಿಗೆ ಹೇಳುತ್ತೇನೆ, “ದೆಲ್ಲಿದು. ಇವತ್ತು ಹತ್ತು ನಿಮಿಷ ಲೇಟು.” ಇವತ್ತಿನವರೆಗೆ ಯಾರೂ ಅಲ್ಲ ಎಂದಿಲ್ಲ. ಅಲ್ಲ ಎನ್ನಲು ಅವರಿಗೂ ಗೊತ್ತಿಲ್ಲ.

ದೊಡ್ಡ ಏರ್‌ಪೋರ್ಟಿಗಂತೂ ಲೆಕ್ಕವಿಲ್ಲದಷ್ಟು ಸಲ ಹೋಗಿಬಂದಿದ್ದೇನೆ. ನೆಂಟರನ್ನು ಬಿಡಲು, ನೆಂಟರನ್ನು ಕರೆತರಲು. ಗಾಜಿನ ಬಾಗಿಲಿನವರೆಗೆ. ಬಾಗಿಲಿನಿಂದಾಚೆಗೆ ಏನಿದೆ ಎಂಬುದನ್ನು ಊಹೆಯಿಂದ ತುಂಬಿಸಿಕೊಂಡಿದ್ದೆ. ವಿಮಾನ ಮಾತ್ರ ಹತ್ತಿರಲಿಲ್ಲ. ಈ ಸಣ್ಣ ಕೊರತೆಯನ್ನು ಊರಿನಲ್ಲಿ ಯಾರೂ ವಿಚಾರಿಸಿರಲಿಲ್ಲ, ನಾನಾಗಿಯೇ ಹೇಳಿಕೊಳ್ಳುವ ಅಗತ್ಯವೂ ಕಂಡಿರಲಿಲ್ಲ.

ಹೀಗಿರುವಾಗ ಹುಬ್ಬಳ್ಳಿಯಿಂದ ಮದುವೆಯ ಕರೆ ಬಂತು. ಹುಬ್ಬಳ್ಳಿಯಲ್ಲಿ ನನ್ನ ಚಿಕ್ಕತ್ತೆ ಇದ್ದಾಳೆ. ಅಪ್ಪನ ಕೊನೆಯ ತಂಗಿ. ಯಶವಂತಪುರದಲ್ಲಿ ರೈಲ್ವೆ ಕೆಲಸದಲ್ಲಿದ್ದವರನ್ನು ಮದುವೆಯಾಗಿ, ಅವರಿಗೆ ಹುಬ್ಬಳ್ಳಿಗೆ ವರ್ಗವಾದಾಗ ಜೊತೆಗೆ ಹೋದವಳು ಅಲ್ಲೇ ನೆಲೆನಿಂತಳು. ಈಗ ಅವಳ ಮೊಮ್ಮಗಳ ಮದುವೆ. ನಮ್ಮ ಮನೆಯಲ್ಲಿ ಇರುವುದು ದೊಡ್ಡತ್ತೆ ಅಕ್ಕಯ್ಯಮ್ಮ, ಅಪ್ಪನ ಅಕ್ಕ. ಎಪ್ಪತ್ತಾರು ವರ್ಷ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಚಿಕ್ಕತ್ತೆಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವಳೇ. ಅಕ್ಕತಂಗಿಯರು ಮುಖ ನೋಡಿ ಎಂಟು ವರ್ಷವಾಗಿತ್ತು. ನಾವು ಅತ್ತೆ ಎಂದೇ ಕರೆಯುವ ಈ ದೊಡ್ಡತ್ತೆಗೆ ಮಂಡಿ ನೋವು. ರೈಲಿನಲ್ಲಿ ಎಂಟು ಗಂಟೆ ಕೂತರೆ ಮಂಡಿ ಮಡಿಸಿದಲ್ಲೇ ಹಿಡಿದುಕೊಳ್ಳುತ್ತದೆ, ಬಿಡಿಸಲು ಇಬ್ಬರು ಬೇಕು.

ಚಿಕ್ಕತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು. “ಅಕ್ಕ ಬಂದು ನಿಂತ್ಕೊಂಡ್ರೇನೇ ಧಾರೆ. ಇಲ್ಲಾಂದ್ರೆ ನಾನು ಮಂಟಪಕ್ಕೆ ಬರಲ್ಲ.”

ನಾನು ತಕ್ಷಣ ಘೋಷಿಸಿದೆ, “ಅತ್ತೇನ ನಾನು ವಿಮಾನದಲ್ಲಿ ಕರ್ಕೊಂಡು ಹೋಗ್ತೀನಿ. ಒಂದು ಗಂಟೆ ದಾರಿ.”

“ನೀವಾ?” ಎಂದಳು ಹೆಂಡತಿ ಸರೋಜ. ಅವಳ ತಂಗಿ ಅಲ್ಲಾಳಸಂದ್ರದಲ್ಲಿ ಮನೆ ಕಟ್ಟಿಸಿದ್ದು, ಅದರ ಗೃಹಪ್ರವೇಶವೂ ಅದೇ ದಿನ ಬಂದಿತ್ತು. ಹಾಗಾಗಿ ಅವಳು ಬರುವಂತಿರಲಿಲ್ಲ. “ಹೋಗೋದಾದ್ರೆ ಹಿಂದಿನ ದಿನಾನೇ ಹೋಗಿ.”

“ಹಿಂದಿನ ದಿನ ಹೋಗೋದು ರೈಲಿನವರು” ಎಂದೆ. “ಬೆಳಗ್ಗೆ ಒಂಬತ್ತಕ್ಕೆ ಇಳೀತೀವಿ. ಮುಹೂರ್ತ ಹನ್ನೊಂದಕ್ಕೆ. ಮಧ್ಯದಲ್ಲಿ ತಿಂಡಿ ತಿಂದು ಒಂದು ನಿದ್ದೆ ಮಾಡಬಹುದು.”

ಟಿಕೆಟ್ಟನ್ನು ಮೊಬೈಲಿನಲ್ಲಿ ನಾನೇ ಮಾಡಿದೆ. ವೀಲ್‌ಚೇರ್ ಬೇಕೇ ಎಂದು ಅದು ಕೇಳಿತು. ಎಂಥ ವ್ಯವಸ್ಥೆ ಎಂದು ಮೆಚ್ಚಿಕೊಂಡು, ಅತ್ತೆಯ ಮಂಡಿಯನ್ನು ನೆನೆದು, ಮೊದಲನೆಯ ಹೆಸರಿನ ಕೆಳಗೆ ಟಿಕ್ ಹಾಕಿದೆ. ಮೊದಲನೆಯ ಹೆಸರು ನನ್ನದಾಗಿತ್ತು. ಅರ್ಜಿದಾರರ ಹೆಸರು ಮೇಲೆ ಇರುವುದು ಸಹಜ ಎಂದುಕೊಂಡು ಮುಂದೆ ಹೋದೆ. ಇನ್ನೊಂದು ವಿಷಯವನ್ನೂ ಯೋಚಿಸಲಿಲ್ಲ. ಅತ್ತೆಗೆ ನೋವಿರುವುದು ನಡೆಯುವುದಕ್ಕಲ್ಲ, ಕೂರುವುದಕ್ಕೆ.

ಹೊರಡುವ ಹಿಂದಿನ ಎರಡು ಸಂಜೆ ಅತ್ತೆಗೆ ಪಾಠ ಮಾಡಿದೆ. ವಿಮಾನ ಏರುವಾಗ ಹೊಟ್ಟೆಯಲ್ಲಿ ಏನಾಗುತ್ತದೆ, ಕಿವಿಗೆ ಹತ್ತಿ ಯಾಕೆ ಇಡಬೇಕು, ಭಯವಾದರೆ ಯಾರ ಕೈ ಹಿಡಿದುಕೊಳ್ಳಬೇಕು. ಯಾರ ಕೈ ಎಂದರೆ ನನ್ನದು. ಅವಳು ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿ, “ನೀನು ಎಷ್ಟ್ ಸತಿ ವಿಮಾನ ಅತ್ತಿದ್ದೀಯಾ?” ಎಂದಳು.

“ಅದು ಬೇರೆ ವಿಷಯ” ಎಂದು ಪಾಠ ಮುಗಿಸಿದೆ.

ಹೊರಟ ದಿನ ಬೆಳಗ್ಗೆ ಆ ಗಾಜಿನ ಬಾಗಿಲನ್ನು ದಾಟಿದೆ. ಊಹೆಯಿಂದ ನಾನು ತುಂಬಿಸಿಟ್ಟುಕೊಂಡಿದ್ದ ಏರ್‌ಪೋರ್ಟು ನಮ್ಮ ಅಂಗಡಿಯ ಗೋಡೌನಿನ ಹತ್ತರಷ್ಟಿತ್ತು, ಅಷ್ಟೆ. ಇದು ಊರು. ಸೂರು ಇರುವ ಊರು. ಚಾವಣಿಯನ್ನು ನೋಡುತ್ತಾ ನಡೆದು ಎರಡು ಸಲ ಬೇರೆಯವರ ಸೂಟ್‌ಕೇಸಿಗೆ ಎಡವಿದೆ. ಅತ್ತೆ ನೆಲವನ್ನು ನೋಡುತ್ತಿದ್ದಳು. ಅದರಲ್ಲಿ ಅವಳ ಮುಖ ಕಾಣುತ್ತಿತ್ತು.

“ಇಷ್ಟ್ ದೊಡ್ಡ ಮನೆ ಗುಡಿಸೋರು ಯಾರ್ಲಾ ಮುನಿರಾಜ?” ಎಂದಳು. ಆ ಬೆಳಗ್ಗೆ ಅಲ್ಲಿ ಯಾರಾದರೂ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದೇ ಇರಬೇಕು.

ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, “ವೀಲ್‌ಚೇರ್ ರಿಕ್ವೆಸ್ಟ್ ಇದೆ. ಮುನಿರಾಜು ಅವರು?” ಎಂದು ಕೇಳಿದಳು.

“ನಾನೇ” ಎಂದೆ ಹೆಮ್ಮೆಯಿಂದ. ಅಂಥ ಮುಂದಾಲೋಚನೆ ಮಾಡಿದವನು ನಾನೇ ಎಂಬ ಅರ್ಥದಲ್ಲಿ.

“ಈಗಲೇ ಬೇಕಾ ಸರ್?”

ಅತ್ತೆ ಮಧ್ಯೆ ಬಾಯಿ ಹಾಕಿದಳು. “ಕುರ್ಚಿ ಗಿರ್ಚಿ ಬ್ಯಾಡ ಕಣವ್ವ. ನಡ್ಕಂಡ್ ಓಗ್ಬೋದು.”

“ಇಲ್ಲಿ ಬೇಡ ಬಿಡಮ್ಮ, ಅಲ್ಲಿ ಇಳಿದ ಮೇಲೆ ಇದ್ರೆ ಸಾಕು” ಎಂದೆ. ಹುಡುಗಿ ಕೌಂಟರಿನ ಮೇಲಿಂದ ಬಗ್ಗಿ ನನ್ನ ಕಾಲುಗಳನ್ನು ಮರುಕದಿಂದ ನೋಡಿ ಏನೋ ಟೈಪ್ ಮಾಡಿದಳು. ನನ್ನ ಹೊಸ ಚಪ್ಪಲಿ ನೋಡುತ್ತಿದ್ದಾಳೆ ಎಂದುಕೊಂಡೆ.

ತಪಾಸಣೆಯಲ್ಲಿ ಅತ್ತೆ ಒಂದೇ ನಿಮಿಷದಲ್ಲಿ ಪಾರಾದಳು. ಅವಳ ಎಲೆಅಡಿಕೆ ಚೀಲದಲ್ಲಿ ಅಡಕತ್ತರಿ ಇರುತ್ತದೆ, ಸಿಕ್ಕಿಹಾಕಿಕೊಳ್ಳುತ್ತಾಳೆ ಎಂದು ನಾನು ಕಾದು ನಿಂತಿದ್ದೆ. ಅವಳು ಅಡಿಕೆಯನ್ನು ಮನೆಯಲ್ಲೇ ಕತ್ತರಿಸಿ ತಂದಿದ್ದಳು. ಸಿಕ್ಕಿಬಿದ್ದವನು ನಾನು. ಅಂಗಡಿಯ ಅಭ್ಯಾಸದಿಂದ ಹೆಗಲ ಚೀಲದಲ್ಲಿ ಒಂದು ಕಟಿಂಗ್ ಪ್ಲೈಯರ್, ಎರಡು ಸ್ಕ್ರೂಡ್ರೈವರ್, ಅಳತೆಯ ಟೇಪು ಉಳಿದುಬಿಟ್ಟಿದ್ದವು. ಸಮವಸ್ತ್ರದ ಅಧಿಕಾರಿ ಅವನ್ನು ಒಂದೊಂದಾಗಿ ತಟ್ಟೆಯಲ್ಲಿ ಜೋಡಿಸಿ, “ವಿಮಾನ ರಿಪೇರಿ ಮಾಡೋಕೆ ಹೋಗ್ತಿದ್ದೀರಾ?” ಎಂದರು. ಹಿಂದಿನ ಸಾಲು ನಕ್ಕಿತು. ಅತ್ತೆ ನಗಲಿಲ್ಲ. ತಟ್ಟೆಯನ್ನು ನೋಡಿ, “ಒಳ್ಳೆ ಇಕ್ಕಳ, ಓಯ್ತು” ಎಂದು ಮರುಗಿದಳು.

ಬಸ್ಸು ನಮ್ಮನ್ನು ವಿಮಾನದ ಬಳಿ ಇಳಿಸಿತು. ಎರಡೂ ರೆಕ್ಕೆಗೆ ಒಂದೊಂದು ದೊಡ್ಡ ಫ್ಯಾನು ಇರುವ ಸಣ್ಣ ವಿಮಾನ. ನಾನು ಬೇಲಿಯಾಚೆಯಿಂದ ನೋಡಿ ಬೆಳೆದ ವಿಮಾನಗಳ ಅಣ್ಣನ ಹಾಗಿತ್ತು. ಮೆಟ್ಟಿಲ ಕೆಳಗೆ ನಿಂತಾಗ ಅದರ ಮೈಯ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಇಷ್ಟು ವರ್ಷ ಆಕಾಶದಲ್ಲಿ ಬೆರಳುದ್ದ ಕಂಡದ್ದು ಕೈಗೆಟುಕುವಷ್ಟು ಹತ್ತಿರ ನಿಂತಿತ್ತು. ಯಾರೂ ನೋಡದ ಹಾಗೆ ಬಾಗಿಲ ಅಂಚನ್ನು ಒಮ್ಮೆ ಮುಟ್ಟಿದೆ. ಹಿಂದಿನಿಂದ ಅತ್ತೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಎಲ್ಲರೂ ನೋಡುವ ಹಾಗೆ.

ಒಳಗೆ ಕೂತ ಮೇಲೆ ಗಗನಸಖಿ ಬಂದು ನನ್ನ ಹೆಸರು ಹೇಳಿ ವಿಚಾರಿಸಿದಳು. “ಸರ್, ಹುಬ್ಬಳ್ಳೀಲಿ ನೀವು ಆತುರ ಮಾಡ್ಬೇಡಿ. ಎಲ್ಲಾರೂ ಇಳಿದ ಮೇಲೆ ನಾವೇ ನಿಮ್ಮನ್ನ ಕರ್ಕೊಂಡು ಹೋಗ್ತೀವಿ.”

ನನ್ನ ಎದೆ ಉಬ್ಬಿತು. ಇಡೀ ವಿಮಾನದಲ್ಲಿ ಆ ಮಾತನ್ನು ಇನ್ಯಾರಿಗೂ ಹೇಳಲಿಲ್ಲ. “ನೋಡಿದ್ರಾ ಅತ್ತೆ, ಮರ್ಯಾದೆ” ಎಂದು ಪಿಸುಗುಟ್ಟಿದೆ.

ಆಮೇಲೆ ವಿಮಾನ ಓಡಿತು. ಓಡುತ್ತಾ ಓಡುತ್ತಾ ಒಂದು ಗಳಿಗೆಯಲ್ಲಿ ಸದ್ದು ಹಗುರವಾಯಿತು, ನೆಲ ನಮ್ಮನ್ನು ಬಿಟ್ಟುಕೊಟ್ಟಿತು. ಆ ಗಳಿಗೆಯನ್ನು ನಾನು ಎಷ್ಟು ಸಲ ಕೆಳಗಿನಿಂದ ನೋಡಿದ್ದೆನೋ. ಒಳಗಿನಿಂದ ಅದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಯಾರೋ ದೊಡ್ಡವರು ಕಂಕುಳಿಗೆ ಕೈ ಹಾಕಿ ಎತ್ತಿಕೊಂಡ ಹಾಗೆ. ಕೆಳಗೆ ಕಟ್ಟಡಗಳು ಚದುರಿದ ಸಕ್ಕರೆಯಂತೆ ಚಿಕ್ಕವಾದವು. ಅವುಗಳ ನಡುವೆ ಅಲ್ಲಲ್ಲಿ ಕೆರೆಗಳು ಬೆಳಗಿನ ಬಿಸಿಲಿಗೆ ಮಿನುಗಿದವು.

ಅತ್ತೆ ಕಿಟಕಿಗೆ ಹಣೆ ಒತ್ತಿದ್ದಳು. ಹಿಂದೊಮ್ಮೆ ಆ ಕೆರೆಗಳ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಓಡಾಡಿದವಳು. “ಕೆರೆಗೊಳು ಒಂದಕ್ಕೊಂದು ಕೈ ಇಡ್ಕಂಡಿದ್ವು ಕಣ್ಲಾ” ಎಂದಳು ಮೆಲ್ಲಗೆ. “ಈಗ್ಲೂ ಮೇಲಿಂದ ನೋಡುದ್ರೆ ಕಾಣ್ತದೆ. ನಾವ್ ಕೆಳಗೆ ಇರೋರ್ಗೇ ಕಾಣಾಕಿಲ್ಲ.”

ಅವಳ ಹೆಗಲ ಮೇಲಿಂದ ಬಗ್ಗಿ ನಾನೂ ನೋಡಿದೆ. ಅಲ್ಲಿಗೇ ಸುಮ್ಮನಾಗಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ.

ಮೋಡದೊಳಗೆ ಹೊಕ್ಕ ಮೇಲೆ ವಿಮಾನ ಸ್ವಲ್ಪ ಕುಲುಕಿತು. ನಾನು ತಜ್ಞನ ದೃಷ್ಟಿಯಿಂದ ರೆಕ್ಕೆಯ ಕಡೆ ನೋಡಿದೆ. ಅಲ್ಲಿ ಫ್ಯಾನು ಇರಲಿಲ್ಲ. ಹತ್ತುವಾಗ ನಾನೇ ಎಣಿಸಿದ್ದ ಆರು ಎಲೆಗಳಲ್ಲಿ ಒಂದೂ ಕಾಣಲಿಲ್ಲ. ಬರಿಯ ಗಾಳಿ. ನನ್ನ ಬೆನ್ನಿನಲ್ಲಿ ತಣ್ಣಗೆ ಬೆವರಿಳಿಯಿತು.

“ಅತ್ತೆ, ಫ್ಯಾನು ಉದುರಿಹೋಗಿದೆ.”

ಅವಳು ಒಂದು ಸಲ ಹೊರಗೆ ನೋಡಿ, ಒಂದು ಸಲ ನನ್ನನ್ನು ನೋಡಿದಳು. “ಜೋರಾಗಿ ತಿರುಗಾ ಫ್ಯಾನಿಂದು ರೆಕ್ಕೆ ಕಾಣ್ತದೇನ್ಲಾ? ನಿನ್ ಅಂಗಡೀಲೇ ಐತಲ್ಲ, ನೋಡಿಲ್ವಾ?”

ಅವಳು ಹೇಳಿದ್ದು ಸರಿಯೆಂದು ಬುದ್ಧಿಗೆ ತಿಳಿಯಿತು. ಅಷ್ಟರಲ್ಲಿ ಕೈ ತಲೆಯ ಮೇಲಿನ ಗುಂಡಿಯನ್ನು ಒತ್ತಿಯಾಗಿತ್ತು. ಒಂದು ಸಲವಲ್ಲ, ಐದಾರು ಸಲ.

ಗಗನಸಖಿ ಓಡಿಬಂದಳು. ನನ್ನ ಬೆವರು ನೋಡಿ ಅವಳ ಮುಖ ಗಂಭೀರವಾಯಿತು. “ಏನಾಗ್ತಿದೆ ಸರ್?”

“ಎದೆ ಡವಡವ ಅಂತಿದೆ” ಎಂದೆ. ಅದು ನಿಜವೇ.

ವಿಮಾನದಲ್ಲಿ ವೈದ್ಯರು ಯಾರಾದರೂ ಇದ್ದಾರೆಯೇ ಎಂದು ಮೈಕಿನಲ್ಲಿ ಕೇಳಿದರು. ಎರಡು ಸಾಲು ಮುಂದಿನಿಂದ ಒಬ್ಬ ಡಾಕ್ಟರಮ್ಮ ಎದ್ದು ಬಂದರು. ಹುಬ್ಬಳ್ಳಿಯವರು, ಅರವತ್ತರ ಆಸುಪಾಸು. ನನ್ನ ಮಣಿಕಟ್ಟು ಹಿಡಿದು, “ನಾಡಿ ಭಾಳ ಜೋರ್ ಓಡ್ಲಿಕ್ಕತ್ತೈತ್ರಿ. ಮೊದ್ಲಿಂದ ಏನರ ತ್ರಾಸ ಐತೇನು?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಗಗನಸಖಿ ಹೇಳಿದಳು, “ಇವರು ವೀಲ್‌ಚೇರ್ ಪ್ಯಾಸೆಂಜರ್, ಮೇಡಂ.”

ಆಗ ನನಗೆ ಎಲ್ಲವೂ ಅರ್ಥವಾಯಿತು. ಕೌಂಟರಿನ ಹುಡುಗಿಯ ಮರುಕ, ಗಗನಸಖಿಯ ಮರ್ಯಾದೆ, ಮೊದಲನೆಯ ಹೆಸರಿನ ಕೆಳಗಿನ ಟಿಕ್ಕು. ಎರಡು ದಾರಿಗಳಿದ್ದವು. ಫ್ಯಾನು ಕಾಣದೆ ಹೆದರಿಕೊಂಡೆ ಎಂದು ಒಪ್ಪಿಕೊಳ್ಳುವುದು ಒಂದು, ರೋಗಿಯಾಗಿಯೇ ಉಳಿಯುವುದು ಇನ್ನೊಂದು. ಇಡೀ ವಿಮಾನ ಕತ್ತು ಹೊರಳಿಸಿ ನನ್ನತ್ತ ನೋಡುತ್ತಿತ್ತು. ಭಯಕ್ಕಿಂತ ಎದೆನೋವು ಮರ್ಯಾದಸ್ಥರ ಕಾಯಿಲೆ ಎನಿಸಿತು.

“ಎಡಗಡೆ ಸ್ವಲ್ಪ ನೋವಿದೆ” ಎಂದೆ.

ನನ್ನ ಜೀವನದಲ್ಲಿ ನಾನು ಆಡಿದ ಮಾತುಗಳಲ್ಲಿ ಇಷ್ಟು ಬೇಗ ಫಲ ಕೊಟ್ಟದ್ದು ಬೇರೊಂದಿಲ್ಲ. ಅರೆ ನಿಮಿಷದಲ್ಲಿ ಮೂಗಿಗೆ ಆಮ್ಲಜನಕದ ಮುಖವಾಡ ಬಂತು. ಸೀಟು ಹಿಂದಕ್ಕೆ ಬಾಗಿತು. ಅಂಗಿಯ ಎರಡು ಗುಂಡಿ ಬಿಚ್ಚಲಾಯಿತು. ಪೈಲಟ್ಟಿಗೆ ಸುದ್ದಿ ಹೋಯಿತು, ಪೈಲಟ್ಟಿನಿಂದ ಹುಬ್ಬಳ್ಳಿಗೆ ಹೋಯಿತು. ಭಯವಾದರೆ ನನ್ನ ಕೈ ಹಿಡಿದುಕೊಳ್ಳಬೇಕೆಂದು ಅತ್ತೆಗೆ ಹೇಳಿಕೊಟ್ಟಿದ್ದೆನಲ್ಲ, ಅವಳು ಈಗ ನಿಜವಾಗಿಯೂ ಹಿಡಿದುಕೊಂಡಳು. ವಿಮಾನಕ್ಕೆ ಹೆದರದವಳು ನನ್ನ ಸುಳ್ಳಿಗೆ ಹೆದರಿದ್ದಳು.

ಆ ಸ್ಥಿತಿಯಲ್ಲೇ ಮುಖವಾಡದ ಮೇಲಂಚಿನಿಂದ ಹುಬ್ಬಳ್ಳಿಯನ್ನು ಮೊದಲ ಸಲ ಮೇಲಿನಿಂದ ಕಂಡೆ. ಮೋಡ ಸರಿಯಿತು. ಕೆಳಗೆ ಕಪ್ಪು ನೆಲ. ನಮ್ಮ ಕಡೆಯ ಕೆಂಪು ಮಣ್ಣು ಕಂಡು ಬೆಳೆದ ಕಣ್ಣಿಗೆ ಅದು ಭೂಮಿಯೇ ಅಲ್ಲ ಎನಿಸಿತು. ತೊಳೆದಿಟ್ಟ ರೊಟ್ಟಿ ಹೆಂಚಿನಂಥ ಕಪ್ಪು, ಅದರ ಮೇಲೆ ಜೋಳದ ಹಸಿರು, ಎಲ್ಲಿಯೂ ಬೇಲಿಯಿಲ್ಲದೆ ಆಕಾಶದ ತುದಿಯವರೆಗೆ. ಅದರ ನಡುವೆ ಯಾರೋ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಒಂದು ರನ್‌ವೇ. ಅಷ್ಟು ದೊಡ್ಡ ಬಯಲಿನಲ್ಲಿ ಆ ಒಂದು ಗೆರೆಯನ್ನು ಹುಡುಕಿಕೊಂಡು ವಿಮಾನ ಹೂವಿನ ಮೇಲೆ ದುಂಬಿಯಂತೆ ಇಳಿಯಿತು. ನೋವೇ ಇಲ್ಲದ ಎದೆಯೊಳಗೆ ಏನೋ ತುಂಬಿಬಂತು.

ವಿಮಾನ ನಿಂತಿತು. ನನಗೆ ಮೊದಲೇ ಮಾತು ಕೊಟ್ಟಿದ್ದಂತೆ ಎಲ್ಲರೂ ಇಳಿದ ಮೇಲೆ ನನ್ನನ್ನು ಕರೆದುಕೊಂಡು ಹೋದರು. ಮೆಟ್ಟಿಲ ಕೆಳಗೆ ಒಂದು ವೀಲ್‌ಚೇರ್, ಅದರ ಹಿಂದೆ ಒಂದು ಆಂಬುಲೆನ್ಸ್, ಅದರ ಮುಂದೆ ಇಬ್ಬರು ನರ್ಸುಗಳು. ಸರ್ಕಾರಿ ಅತಿಥಿಗಳಿಗೂ ಇಷ್ಟು ಜನ ಸಾಲಾಗಿ ನಿಲ್ಲುವುದಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಬೆಲ್ಟು ಕಟ್ಟಿದರು. ಎಪ್ಪತ್ತಾರು ವರ್ಷದ ಅತ್ತೆ ಎರಡೂ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ಅವರೆಕಾಳಿನ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಓಡುನಡಿಗೆಯಲ್ಲಿ ಬಂದಳು.

ನಿಲ್ದಾಣದೊಳಗಿನ ಚಿಕಿತ್ಸಾ ಕೋಣೆಯಲ್ಲಿ ಡಾಕ್ಟರಮ್ಮ ಬಿಡದೆ ಜೊತೆಗೇ ಇದ್ದರು. ಬಿಪಿ ನೋಡಿದರು, ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ತೆಗೆಯಲು ಸಿದ್ಧ ಮಾಡಿದರು. ಗೋಡೆಯ ಗಡಿಯಾರ ಒಂಬತ್ತೂವರೆ ದಾಟಿತ್ತು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಚಿಕ್ಕತ್ತೆಯ ಕಿರಿಯ ಮಗ ಮಂಜುನಾಥ ವಿಷಯ ತಿಳಿದು ಒಳಗೆ ಬಂದ. ನನ್ನ ಮೈಮೇಲಿನ ತಂತಿಗಳನ್ನು ಕಂಡು ಬಾಗಿಲಲ್ಲೇ ನಿಂತ.

“ಏನಾತ್ರೀ ಭಾವಾ?” ಎಂದ. ಅವನ ಕಣ್ಣಲ್ಲಿ ನೀರಿತ್ತು. “ನಾ ಅವ್ವಗ ಫೋನ್ ಹಚ್ಚಿ ಹೇಳೀನಿ. ಮಂಟಪದಾಗ ಎಲ್ಲಾರೂ ಗಾಬರಿ ಆಗ್ಯಾರ. ವಾಲಗ ನಿಲ್ಸ್ಯಾರ.”

ನಾನು ಕಣ್ಣು ಮುಚ್ಚಿದೆ. ವಾಲಗ ನಿಲ್ಲಿಸಿದವನು ನಾನು.

ಡಾಕ್ಟರಮ್ಮ ಎಂದರು, “ಏನರ ಆಗ್ಲಿ, ಎದಿ ನೋವು ಅಂದ್ಮ್ಯಾಲೆ ದವಾಖಾನಿಗೆ ಒಯ್ದು ಒಂದ್ ದಿನ ಇಡೋದು ಚೊಲೊ. ಜೋಡಿ ಯಾರ ಬರ್ತೀರಿ?”

“ದೊಡ್ಡವ್ವ, ನೀವು ಮಂಟಪಕ್ಕ ಹೋಗ್ರಿ. ನಾ ಭಾವನ ಜೋಡಿ ಹೋಗ್ತೀನಿ” ಎಂದ ಮಂಜುನಾಥ.

ಅತ್ತೆ ತಲೆಯಾಡಿಸಿದಳು. ಮೂಲೆಯಲ್ಲಿದ್ದ ಒಂದು ಸ್ಟೂಲನ್ನು ಎಳೆದು ನನ್ನ ಪಕ್ಕಕ್ಕೆ ಹಾಕಿಕೊಂಡಳು. ಮಂಡಿಯನ್ನು ಎರಡೂ ಕೈಯಿಂದ ಹಿಡಿದು, ತುಟಿ ಕಚ್ಚಿ ಅದರ ಮೇಲೆ ಕೂತಳು. ಮಂಜುನಾಥನ ಫೋನು ಇಸಿದುಕೊಂಡು ತಂಗಿಗೆ ಹೇಳಿದಳು.

“ಏ ಚಿಕ್ಕಿ, ಅಳಬ್ಯಾಡ. ಮಗ ಇಂಗ್ ಮಲಗವ್ನೆ, ನಾನೆಂಗ್ ಬರ್ಲಿ? ನೀನು ಓಗಿ ನಿಂತ್ಕ. ಮುಹೂರ್ತ ಮೀರಬಾರ್ದು. ಧಾರೆ ಆಗ್ಲಿ. ನಾನು ಇಲ್ಲಿಂದ್ಲೇ ಅಕ್ಷತೆ ಆಕ್ತೀನಿ.”

ಎಂಟು ವರ್ಷ ಕಾದವಳು, ಒಂದು ಗಂಟೆಯ ದಾರಿ ಹಾರಿ ಬಂದವಳು, ತಂಗಿಯಿಂದ ಅರ್ಧ ಗಂಟೆ ದೂರದಲ್ಲಿ ಆ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು. ಕೂರುವುದೇ ಅವಳಿಗೆ ನೋವು. ಫೋನಿನಾಚೆ ಚಿಕ್ಕತ್ತೆ ಅಳುವುದು ನನಗೂ ಕೇಳಿಸುತ್ತಿತ್ತು.

ಇನ್ನು ತಡೆಯಲಾಗಲಿಲ್ಲ. ಮುಖವಾಡ ಕಿತ್ತೆ.

“ನನಗೆ ಏನೂ ಆಗಿಲ್ಲ” ಎಂದೆ.

ಎಲ್ಲರೂ ನನ್ನನ್ನು ಮಲಗಿಸಲು ಮುಂದೆ ಬಂದರು.

“ಇಲ್ಲ, ನಿಜವಾಗ್ಲೂ. ಎದೆನೋವು ಇರಲೇ ಇಲ್ಲ. ವಿಮಾನ ಹತ್ತಿದ್ದು ಇದೇ ಮೊದಲು. ಫ್ಯಾನ್ ಕಾಣಿಸ್ಲಿಲ್ಲ. ಹೆದರ್ಕೊಂಡೆ. ಹೇಳೋಕೆ ನಾಚಿಕೆ ಆಯ್ತು. ವೀಲ್‌ಚೇರೂ ನನ್ನದಲ್ಲ, ಟಿಕ್ಕು ತಪ್ಪಿ ಬಿದ್ದಿದ್ದು.”

ಅಷ್ಟರಲ್ಲಿ ಯಂತ್ರ ಕಿರ್ರೆನ್ನುತ್ತಾ ಉದ್ದನೆಯ ಕಾಗದವನ್ನು ಹೊರಹಾಕಿತು. ಡಾಕ್ಟರಮ್ಮ ಅದನ್ನು ಹರಿದು, ಕನ್ನಡಕ ಏರಿಸಿಕೊಂಡು, ಮೇಲಿಂದ ಕೆಳಗೆ ಓದಿದರು.

“ಮಷೀನೂ ಅದನ್ನ ಹೇಳ್ಲಿಕ್ಕತ್ತೈತಿ” ಎಂದರು. “ಇಷ್ಟು ಗಟ್ಟಿ ಎದಿ ನಾ ಈ ವಾರದಾಗ ನೋಡಿಲ್ಲ. ಎದ್ದೇಳ್ರಿ.”

ಅತ್ತೆ ಬಯ್ಯುತ್ತಾಳೆ ಎಂದು ಕಾದೆ. ಅವಳು ಸ್ಟೂಲಿನಿಂದ ಎದ್ದು, ಮಂಡಿ ಸರಿಮಾಡಿಕೊಂಡು, ನನ್ನ ಅಂಗಿಯ ಗುಂಡಿಗಳನ್ನು ಹಾಕಿದಳು. “ಬದುಕಿದ್ದೀಯಲ್ಲ, ಸಾಕು. ಮಂಜ, ಗಾಡಿ ಎಲ್ಲೈತೆ?” ಎಂದು ಹೊರಟೇಬಿಟ್ಟಳು.

ಇಲ್ಲಿಯೂ ಒಂದು ತೊಡಕು ಬಂತು. ರೋಗಿ ಎಂದು ದಾಖಲಾದವನನ್ನು ಹೊರಬಾಗಿಲಿನವರೆಗೆ ಕುರ್ಚಿಯಲ್ಲೇ ಬಿಡಬೇಕು ಎಂದು ಅಲ್ಲಿನ ಸಿಬ್ಬಂದಿ ಹಟ ಹಿಡಿದರು. ಸಹಿ ಹಾಕಿ ಮತ್ತೆ ಕೂತೆ. ಪೂರ್ತಿ ಆರೋಗ್ಯವಂತ ಎಂದು ಸಾಬೀತಾದ ಮೇಲೆ ನನ್ನನ್ನು ತಳ್ಳಿಕೊಂಡು ಹೊರಟರು.

ಆದರೆ ಆ ಕುರ್ಚಿಯಿಂದ ನಾನು ಕಂಡದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ನಿಲ್ದಾಣವನ್ನು ಎಷ್ಟು ನೋಡಿದರೂ ಅದು ಮುಗಿದಿರಲಿಲ್ಲ. ಇದು ಒಂದೇ ನೋಟಕ್ಕೆ ಪೂರ್ತಿ ಸಿಕ್ಕಿತು. ಈ ಬಾಗಿಲಿನಿಂದ ವಿಮಾನ ಕಾಣುತ್ತದೆ, ಆ ಬಾಗಿಲಿನಿಂದ ರಸ್ತೆ ಕಾಣುತ್ತದೆ. ಮಧ್ಯೆ ಸಾಮಾನು ಬರುವ ಪಟ್ಟಿ ಸದ್ದಿಲ್ಲದೆ ಸುತ್ತುತ್ತಿತ್ತು. ಅದರ ಮೇಲೆ ಸೂಟ್‌ಕೇಸುಗಳ ಜೊತೆಗೆ ಯಾರದೋ ರೊಟ್ಟಿಯ ಡಬ್ಬವೂ ಒಂದು ಗೋಣಿಚೀಲವೂ ಮರ್ಯಾದೆಯಿಂದ ಸವಾರಿ ಮಾಡುತ್ತಿದ್ದವು. ತಲೆಗೆ ಪಟಗ ಸುತ್ತಿದ ಒಬ್ಬ ಯಜಮಾನರು ಮೊಮ್ಮಗುವನ್ನು ಎತ್ತಿ ಗಾಜಿನಾಚೆಯ ವಿಮಾನ ತೋರಿಸುತ್ತಿದ್ದರು. ನಮ್ಮನ್ನು ಹಾರಿಸಿಕೊಂಡು ಬಂದ ಪೈಲಟ್ ಇರಬೇಕು, ಬಿಳಿ ಅಂಗಿಯ ಒಬ್ಬ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವಳು, ಬಾಗಿಲ ಬಳಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಚಹಾ ಕುಡಿಯುತ್ತಾ ನಿಂತಿದ್ದಳು. ಅಷ್ಟು ಜನರನ್ನು ಮೋಡದ ಮೇಲೆ ಹೊತ್ತು ತಂದು ಇಳಿಸಿದವಳು. ಕುರ್ಚಿ ಪಕ್ಕದಲ್ಲಿ ಹೋಗುವಾಗ ಅವಳು ಲೋಟ ಕೆಳಗಿಳಿಸಿ, “ಈಗ ಹೇಗಿದ್ದೀರಾ ಸರ್?” ಎಂದಳು. ನಾಚಿಕೆಯಿಂದ ಎರಡೂ ಕೈ ಜೋಡಿಸಿದೆ. ಎದೆನೋವಿನ ಬಗ್ಗೆ ಅಲ್ಲ, ಹಾರಿಸಿದ್ದಕ್ಕೆ.

ಹೊರಗೆ ಮದುವೆ ಮನೆಯ ಎರಡು ಕಾರುಗಳು, ಹತ್ತು ಜನ ನೆಂಟರು. ಸುದ್ದಿ ಕೇಳಿ ಮಂಟಪದಿಂದ ಓಡಿಬಂದವರು. ನನ್ನನ್ನು ಕುರ್ಚಿಯಲ್ಲಿ ಕಂಡದ್ದೇ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಬೆಲ್ಟು ಬಿಚ್ಚಿ ಎದ್ದು ನಿಂತೆ. ಅದರಿಂದ ಅವರು ಇನ್ನೂ ಗಾಬರಿಯಾದರು.

ಅತ್ತೆ ನಿಲ್ದಾಣದ ಮುಂದಿನ ಗಿಡಗಳ ಪಾತಿಯ ಬಳಿ ಬಗ್ಗಿ ಒಂದು ಹಿಡಿ ಕಪ್ಪು ಮಣ್ಣನ್ನು ಕೈಗೆ ತೆಗೆದುಕೊಂಡು ಪುಡಿಮಾಡಿ ನೋಡುತ್ತಿದ್ದಳು. “ಬೆಣ್ಣೆ ಇದ್ದಂಗೈತೆ” ಎಂದು ನಿಧಾನಕ್ಕೆ ಕೆಳಗೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಾರು ಹತ್ತಿದಳು.

ಮಂಟಪ ಮುಟ್ಟಿದಾಗ ಹನ್ನೊಂದಕ್ಕೆ ಆರು ನಿಮಿಷವಿತ್ತು. ಚಿಕ್ಕತ್ತೆ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆದವರಿಗೆಲ್ಲ ಅಕ್ಕ ಬರದೆ ಬರುವುದಿಲ್ಲ ಎಂದು ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ಅತ್ತೆ ಕಾರಿನಿಂದ ಇಳಿದು ನಡೆದಳು. ಎಪ್ಪತ್ತು ವರ್ಷದ ಚಿಕ್ಕತ್ತೆ ಓಡಿಬಂದು ಅವಳ ಹೆಗಲಿಗೆ ಮುಖ ಒತ್ತಿದಳು.

“ಎಷ್ಟ್ ಸಣ್ಣ ಆಗಿದ್ದೀಯೇ ಚಿಕ್ಕಿ” ಎಂದಳು ಅತ್ತೆ. ಇಬ್ಬರೂ ಕೈ ಹಿಡಿದುಕೊಂಡು ಮಂಟಪಕ್ಕೆ ಹೋದರು. ವಾಲಗ ಮತ್ತೆ ಶುರುವಾಯಿತು. ಅಕ್ಷತೆ ಹಾಕುವಾಗ ನನ್ನ ಕನ್ನಡಕ ಮಂಜಾಗಿ, ಅರ್ಧ ಅಕ್ಷತೆ ಪುರೋಹಿತರ ಮೇಲೆ ಬಿತ್ತು.

ಊಟದ ಹೊತ್ತಿಗೆ ನಾನು ತಪ್ಪೊಪ್ಪಿಕೊಂಡ ಸುದ್ದಿ ಅರ್ಧ ಮಂಟಪಕ್ಕೆ ತಲುಪಿತ್ತು, ಇನ್ನರ್ಧಕ್ಕೆ ತಲುಪಿರಲಿಲ್ಲ. ದುರದೃಷ್ಟಕ್ಕೆ ಅಡುಗೆಯವರು ಎರಡನೆಯ ಅರ್ಧದಲ್ಲಿದ್ದರು. ಎಲ್ಲರ ಎಲೆಗೂ ಹೋಳಿಗೆ, ತುಪ್ಪ, ಬದನೆಕಾಯಿ ಎಣ್ಣೆಗಾಯಿ ಬಿತ್ತು. ನನ್ನ ಎಲೆಯ ಮುಂದೆ ಒಂದು ಲೋಟ ಗಂಜಿ ಬಂತು. “ಉಪ್ಪು ಹಾಕಿಲ್ರಿ, ಚಿಂತಿ ಮಾಡಬ್ಯಾಡ್ರಿ” ಎಂದ ಬಡಿಸುವವನು. ಎದುರು ಸಾಲಿನಲ್ಲಿ ಅತ್ತೆ ಎರಡನೆಯ ಹೋಳಿಗೆ ಹಾಕಿಸಿಕೊಂಡು ಸುತ್ತ ಕೂತ ಹೆಂಗಸರಿಗೆ ವಿಮಾನ ಹೇಗೆ ಮೇಲೇರುತ್ತದೆ ಎಂದು ಕೈ ಎತ್ತಿ ತೋರಿಸುತ್ತಿದ್ದಳು. ಅವಳ ವಿವರಣೆಯಲ್ಲಿ ಒಂದು ತಪ್ಪೂ ಇರಲಿಲ್ಲ.

ಮರುದಿನ ವಾಪಸಾಗಬೇಕು. ಬೆಳಗ್ಗೆ ಕಾಫಿ ಕುಡಿಯುವಾಗ ಅತ್ತೆಯೇ ವಿಷಯ ತೆಗೆದಳು. “ನೀನು ರೈಲಲ್ಲಿ ಓಗಪ್ಪ. ನಾನು ವಿಮಾನದಲ್ಲಿ ಬತ್ತೀನಿ.”

“ಒಬ್ಬರೇನಾ ಅತ್ತೆ?”

“ಒಬ್ಳೇ ಆದ್ರೆ ನನ್ನೊಬ್ಳುನ್ನ ನೋಡ್ಕಂಡ್ರೆ ಆಯ್ತಲ್ಲ” ಎಂದಳು.

ವಾದಿಸಲು ಬಾಯಿ ತೆರೆದೆ. ಕುಲುಕುವ ಮೋಡ ನೆನಪಾಯಿತು. ಮುಚ್ಚಿಕೊಂಡೆ. ಮಂಜುನಾಥ ನನ್ನನ್ನು ಸ್ಟೇಷನ್ನಿಗೆ ಬಿಟ್ಟು, ಮಧ್ಯಾಹ್ನ ಅತ್ತೆಯನ್ನು ನಿಲ್ದಾಣಕ್ಕೆ ಬಿಟ್ಟ. ಅಕ್ಕತಂಗಿಯರು ಬಾಗಿಲ ಬಳಿ ತುಂಬಾ ಹೊತ್ತು ನಿಂತಿದ್ದರಂತೆ. ಅತ್ತೆ ಒಳಗೆ ಹೋದ ಮೇಲೂ ಚಿಕ್ಕತ್ತೆ ಹೊರಗೇ ಕಾದು, ವಿಮಾನ ಮೇಲೇರಿ ಕಣ್ಮರೆಯಾಗುವ ತನಕ ಕತ್ತೆತ್ತಿ ನೋಡಿದಳಂತೆ.

ನಾನು ಇಡೀ ದಿನ ರೈಲಿನಲ್ಲಿ ಕೂತು ಯಶವಂತಪುರದಲ್ಲಿ ಇಳಿದಾಗ ಸಂಜೆಯಾಗಿತ್ತು. ಆಟೋ ಹಿಡಿದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆಟೋ ನಿಂತಿತು, ನಿಂತೇ ಇತ್ತು. ಸರೋಜಳ ಫೋನ್ ಬಂತು.

“ಅತ್ತೆ ಬಂದು ಊಟ ಮಾಡಿ ಒಂದು ನಿದ್ದೆನೂ ಆಯ್ತು. ನೀವೆಲ್ಲಿದ್ದೀರಾ?”

“ಗೊರಗುಂಟೆಪಾಳ್ಯ.”

“ಇನ್ನೂ?” ಎಂದಳು. ಅಷ್ಟರಲ್ಲಿ ಅತ್ತೆ ಫೋನು ಇಸಿದುಕೊಂಡಳು. “ಮುನಿರಾಜ, ಆಟೋ ಇಳಿಯೋವಾಗ ನಿಧಾನಕ್ಕೆ ಇಳಿಯಪ್ಪ. ಎದೆ ಉಸಾರು.”

ಆಟೋ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. “ಯಾರು ಸಾರ್?”

“ನಮ್ಮತ್ತೆ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಬಂದ್ರು. ಎಪ್ಪತ್ತಾರು ವರ್ಷ.”

“ಒಬ್ರೇನಾ? ಸೂಪರ್ ಗುರೂ. ಯಾರಾದ್ರೂ ಜೊತೇಲಿ ಕರ್ಕೊಂಡು ಹೋಗಿದ್ರಾ?”

“ಹೋಗುವಾಗ ನಾನೇ ಕರ್ಕೊಂಡು ಹೋಗಿದ್ದೆ.”

“ಮತ್ತೆ ಬರುವಾಗ ನೀವ್ಯಾಕೆ ಇಲ್ಲಿ?”

“ಸಿಗ್ನಲ್ ಬಿಡ್ತು ನೋಡಪ್ಪ, ಹೋಗು” ಎಂದೆ.

ಸಿಗ್ನಲ್ ಇನ್ನೂ ಕೆಂಪಗೇ ಇತ್ತು.